ಪ್ಲೇಟು ಗೊಗ್ಗರಿಸಿದರೆ: ಬನಶಂಕರಿ ಸೀಮೆಯವರಿಗೆ ಬಳಕೆಯ ಸೂಚನೆ

ಮೊದಲು ಯಂತ್ರ ಬಂದ್ ಮಾಡಿ. ಆಮೇಲೂ ಒಡಕು ಧ್ವನಿ ಕೇಳುತ್ತಿದ್ದರೆ ದೋಷ ನಿಮ್ಮ ಪ್ಲೇಟಿನದಲ್ಲ, ಜಾತ್ರೆಯದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಇಲ್ಲಿ ನಾಟಕ ಕಂಪನಿಗಳ ಡೇರೆ ಇರುತ್ತವೆ. ಒಂದರ ಹಾರ್ನಿನಲ್ಲಿ ನಾಯಕಿ ಅಳುವಾಗ ಪಕ್ಕದ್ದರಲ್ಲಿ ಹಾಸ್ಯದವನು ಜನರನ್ನು ನಗಿಸುತ್ತಿರುತ್ತಾನೆ. ಅದಕ್ಕೆ ಈ ಕೈಪಿಡಿಯಲ್ಲಿ ಮದ್ದಿಲ್ಲ.

ಒಡಕು ಮನೆಯೊಳಗಿನದೇ ಎಂದು ಖಾತ್ರಿಯಾದರೆ ಮುಳ್ಳು ನೋಡಿ. ಪ್ಲೇಟನ್ನು ಬೈಯುವುದು ಆಮೇಲೆ. ತುದಿಗೆ ಧೂಳಿನ ಉಂಡೆ ಕಟ್ಟಿರುತ್ತದೆ. ಮೆತ್ತನೆ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಸವರಿ. ಬೆರಳು ಬೇಡ, ಶೇಂಗಾ ಹಿಂಡಿ ಹಚ್ಚಿ ರೊಟ್ಟಿ ತಿಂದ ಬೆರಳಂತೂ ಬೇಡವೇ ಬೇಡ.

ಹಾಡು ಜಿಗಿದರೆ ಮುಳ್ಳಿನ ತೋಳಿನ ಮೇಲೆ ನಾಲ್ಕಾಣೆ ಇಡುವುದು ನಮ್ಮ ಕಡೆಯ ಹಳೇ ವೈದ್ಯ. 2011ರಲ್ಲಿ ಚಲಾವಣೆ ತಪ್ಪಿದ ಆ ನಾಣ್ಯಕ್ಕೆ ಉಳಿದ ಒಂದೇ ನೌಕರಿ ಇದು, ಕಿತ್ತುಕೊಳ್ಳಲು ನನಗೂ ಬೇಜಾರು. ಆದರೆ ಎಲ್‌ಪಿಯ ಮುಳ್ಳು ಸಾಮಾನ್ಯವಾಗಿ ಬಯಸುವ ಭಾರ 2 ಗ್ರಾಂ ಆಸುಪಾಸು. ನಾಲ್ಕಾಣೆಯೊಂದೇ ಅದಕ್ಕಿಂತ ಜಾಸ್ತಿ ತೂಗುತ್ತದೆ. ಹಾಗಂತ ಭಾರ ತೀರಾ ಇಳಿಸಿದರೂ ಮುಳ್ಳು ಗೆರೆಯಲ್ಲಿ ಕೂರದೆ ಕುಣಿಯುತ್ತದೆ, ಧ್ವನಿ ಸೀಳುತ್ತದೆ. ತೋಳಿನ ಹಿಂದಿರುವ ತೂಕದ ಬಿಲ್ಲೆಯನ್ನು ತಿರುಗಿಸಿ ಹೊಂದಿಸಿ.

ಮೊದಲ ಹಾಡು ಚೊಕ್ಕ, ಕೊನೆಯದು ಮಾತ್ರ ಗೊಗ್ಗರೇ? ಎಲ್‌ಪಿ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಸುಮಾರು 90 ಸೆಂಟಿಮೀಟರ್ ಗೆರೆ ಸಿಗುತ್ತದೆ, ಒಳಗೆ ಹೋದಂತೆ ಅದರ ಅರ್ಧವೂ ಇಲ್ಲ. ಹಾಡು ಅಷ್ಟೇ, ಜಾಗ ಕಡಿಮೆ. ಜಾತ್ರೆಯಿಂದ ಬಾದಾಮಿಗೆ ಹೊರಡುವ ಕೊನೆ ಬಸ್ಸಿನ ಪರಿಸ್ಥಿತಿ. ಕಾರ್ಟ್ರಿಜ್ ಕೂತ ಕೋನ ಸರಿಪಡಿಸಿದರೆ ನೂಕಾಟ ತಗ್ಗುತ್ತದೆ.

ಅಟ್ಟದ ಮೇಲಿನ 78ರ ಕರೀ ಪ್ಲೇಟುಗಳ ಜಾತಿಯೇ ಬೇರೆ. ಅವು ಅರಗಿನವು. ಸ್ಪಿರಿಟ್ ಹಚ್ಚಿ ಒರೆಸಿದರೆ ಕೊಳೆಯ ಸಂಗಡ ಹಾಡೂ ಕರಗುತ್ತದೆ. ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು. ಎಲ್‌ಪಿ ಮುಳ್ಳು ತಳಕ್ಕಿಳಿದು ಬರೀ ಕರಕರ ಹೆಕ್ಕುತ್ತದೆ. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲು ಮುಗಿದೊಡನೆ ಎಸೆಯಬೇಕಿತ್ತು. ನಮ್ಮ ಹಿರಿಯರು ಒಂದೇ ಮುಳ್ಳಿನಲ್ಲಿ ಹತ್ತು ಪ್ಲೇಟು ಓಡಿಸಿದರು. ಈಗಿನ ಗೊಗ್ಗರು ಆ ಉಳಿತಾಯದ ಬಡ್ಡಿ. ವೇಗದ ಗುಂಡಿಯನ್ನೂ ನೋಡಿ. ಕಂಪನಿ ನಾಟಕದಲ್ಲಿ ಗಂಡಸರು ಹೆಣ್ಣಾದದ್ದುಂಟು. 78ರ ಪ್ಲೇಟು 33ರಲ್ಲಿ ತಿರುಗಿದರೆ ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಗಂಡಾಗುತ್ತಾರೆ.

ಬೇಸಿಗೆಯಲ್ಲಿ ಪ್ಲೇಟುಗಳನ್ನು ಮಲಗಿಸಿ ಒಟ್ಟಬೇಡಿ, ನೆಟ್ಟಗೆ ನಿಲ್ಲಿಸಿ. ನಮ್ಮ ಬಿಸಿಲಿಗೆ ಅವು ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ಸ್ಪೀಕರಿನ ಮೇಲಿಟ್ಟ ಮೊಸರಿನ ಗಡಿಗೆಯನ್ನೂ ಇಳಿಸಿ, ಅದರ ಮುಚ್ಚಳ ಝೇಂಕರಿಸುತ್ತಿರಬಹುದು.

ಇಷ್ಟು ಮಾಡಿ ಈಗ ಹಚ್ಚಿ. ಜಾತ್ರೆಯ ದಿನವಾದರೆ ಮಾತ್ರ ತಡೆಯಿರಿ: ನಾಟಕ ಮುಗಿಯುವುದು ಬೆಳಗಿನ ಜಾವಕ್ಕೆ.