ಮಂಗಳವಾರದ ಉಪವಾಸ

34 ವರ್ಷ ಮೈಸೂರು ಝೂನಲ್ಲಿ ಪ್ರಾಣಿಪಾಲಕನಾಗಿದ್ದೆ. 1892ರಲ್ಲಿ ಚಾಮರಾಜ ಒಡೆಯರು ಆರಂಭಿಸಿದ ಆ ಮೃಗಾಲಯದಲ್ಲಿ ನಾನು ಕಲಿತ ವಿದ್ಯೆ ಎರಡೇ: ಲದ್ದಿ ನೋಡಿ ಆರೋಗ್ಯ ಹೇಳುವುದು, ದಿನಾ ಡೈರಿ ಬರೆಯುವುದು. ನಿವೃತ್ತನಾಗಿ ಊರಿಗೆ, ಬೀದರಿಗೆ ಬಂದೆ. ಮೊದಲನೇ ವಿದ್ಯೆಗೆ ಇಲ್ಲಿ ಗಿರಾಕಿಯೇ ಇಲ್ಲ. ನಾಲ್ಕು ವರ್ಷದ ಮೊಮ್ಮಗ ಕೂಡ ನನ್ನನ್ನು ಕಂಡರೆ ಬಾಗಿಲ ಚಿಲಕ ಹಾಕಿಕೊಳ್ಳುತ್ತಾನೆ.

ಹೊಸ ಪ್ರಾಣಿ ಬಂದರೆ ಒಂದು ತಿಂಗಳು ಬೇರೆ ಇಡುವುದು ನಮ್ಮಲ್ಲಿ ಕಡ್ಡಾಯ. ಅದೇ ರೂಢಿಯಲ್ಲಿ ಔರಾದಿನ ಬೀಗರು ಬಂದಾಗ ಮೇಲಿನ ಕೋಣೆಗೆ ಕಳಿಸಿ, ತಾಟು-ಲೋಟ ಬೇರೆ ಇಡಿಸಿದೆ. ಬೀಗರು ಎರಡನೇ ದಿನವೇ ಚಪ್ಪಲಿ ಹುಡುಕಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಹೊಲದಾಗ ಕೃಷ್ಣಮೃಗ ಹಿಂಡುಗಟ್ಟಲೆ ಬಂದು ಹೆಸರು ತಿಂದು ಹೋಗ್ತಾವ. ನಿಮ್ಮ ಮಾತು ಕೇಳ್ತಾವಂತಲ್ಲ, ಅವನ್ನ ಒಂದೀಟು ಮಾಳಗೀ ಮ್ಯಾಲ ಇಟಗೋರಿ" ಎಂದರು. 1972ರ ವನ್ಯಜೀವಿ ಕಾಯ್ದೆ, ಮೊದಲನೇ ಅನುಸೂಚಿ, ಮುಟ್ಟಿದರೆ ಜೈಲು ಎಂದೆಲ್ಲ ನಾನು ಶುರು ಹಚ್ಚುವಷ್ಟರಲ್ಲಿ ಆಟೊ ತಿರುವು ದಾಟಿತ್ತು. ಬೆಳೆ ಹೋದವನಿಗೆ ಅನುಸೂಚಿ ಓದಿ ಹೇಳುವುದು ಉಂಡವರ ಚಟ.

ಭಾಲ್ಕಿ ಕಡೆ ಹೊಲ ಮಾಡುವ ತಮ್ಮನಲ್ಲಿ ಒಂದು ದೇವಣಿ ಎತ್ತಿದೆ. ಮೈಯೆಲ್ಲ ಬಿಳಿ, ಮುಖದ ಪಕ್ಕ ಮಾತ್ರ ಕಪ್ಪು, ವಾನೇರ ಅನ್ನುತ್ತಾರೆ. ಹುಲಿಯ ಹಲ್ಲು ನೋಡಿದವನಿಗೆ ಎತ್ತಿನ ಗೊರಸು ಯಾವ ಲೆಕ್ಕ ಎಂದು ಹಿಂದಿನಿಂದ ಹೋಗಿ ಕಾಲು ಎತ್ತಿದೆ. ಬಣವೆಯ ಮೇಲೆ ಬಿದ್ದದ್ದರಿಂದ ಸೊಂಟ ಉಳಿಯಿತು. ತಮ್ಮ ಎಬ್ಬಿಸುತ್ತ, "ಅಣ್ಣಾ, ಹುಲಿಗೆ ನಡುವ ಕಬ್ಬಿಣದ ಜಾಳಗಿ ಇತ್ತು" ಎಂದ.

ಉಳಿದದ್ದು ಡೈರಿ. ತಿಂದದ್ದು, ಬಿಟ್ಟದ್ದು, ನಡವಳಿಕೆ ಎಂದು ಮೂರು ಕಲಂ ಎಳೆಯದಿದ್ದರೆ ರಾತ್ರಿ ನಿದ್ದೆ ಬಾರದು. ಒಂದು ದಿನ ಅದು ಹೆಂಡತಿಯ ಕೈಗೆ ಸಿಕ್ಕಿತು. ಗಟ್ಟಿಯಾಗಿ ಓದಿದಳು: "ಹೆಣ್ಣು, 58. ಹಸಿವು ಸರಿ. ಬೆಳಿಗ್ಗೆ ಏಳಕ್ಕೆ ಗುರುಗುಟ್ಟಿದೆ. ಹತ್ತಿರ ಹೋಗಿಲ್ಲ."

ಮನೆ ತಣ್ಣಗಾಯಿತು. ಅವಳು ಪೆನ್ನು ಕೇಳಿದಳು, ಕೊಟ್ಟೆ. ಕೆಳಗೆ ಬರೆದಳು: "ಗಂಡು, 62. ಹಸಿವು ಭಾಳ. ನಡವಳಿಕೆ: ಕುಂತಲ್ಲೇ ಕುಂತದ."

ಹಾಳೆ ತಿರುವಿದಾಗ ನನ್ನದೇ ಹಳೇ ಟಿಪ್ಪಣಿ ಕಣ್ಣಿಗೆ ಬಿತ್ತು: ಹುಲಿ-ಸಿಂಹಗಳಿಗೆ ಬೊಜ್ಜು ಬರಬಾರದೆಂದು ವಾರಕ್ಕೊಂದು ದಿನ ಉಪವಾಸ.

"ಯಾವ ದಿನ ಇಡ್ಲಿರಿ?"

"ನಾ ಜ್ವಾಳದ ರೊಟ್ಟಿ ತಿನ್ನಾಂವ. ಆನೆಗೆ, ಜಿರಾಫಿಗೆ ಉಪವಾಸ ಇಲ್ಲ" ಎಂದೆ.

"ಹಂಗಾದ್ರ ಕಣಕಿ ಹಾಕ್ತೀನಿ."

ಝೂಗೆ ರಜೆ ಮಂಗಳವಾರ. ಆ ದಿನವೇ ಗೊತ್ತಾಯಿತು. ಮೂರು ತಿಂಗಳಿಂದ ನಡೆದಿದೆ, ಎರಡೂವರೆ ಕಿಲೊ ಇಳಿದಿದ್ದೇನೆ.

ಮಂಗಳವಾರ ಬೀದರಿಗೆ ಬರುವವರಿದ್ದರೆ ನಾಲ್ಕು ರೊಟ್ಟಿ, ಒಂದೀಟು ಶೇಂಗಾ ಹಿಂಡಿ ಕಟ್ಟಿಕೊಂಡು ಬನ್ನಿ. 'ಪ್ರಾಣಿಗಳಿಗೆ ತಿಂಡಿ ಕೊಡಬೇಡಿ' ಎಂಬ ಬೋರ್ಡನ್ನು ಅಷ್ಟು ವರ್ಷ ಒರೆಸಿದವನು ನಾನು. ನಮ್ಮ ಮನೆ ಮುಂದೆ ಅದನ್ನಿನ್ನೂ ಹಾಕಿಲ್ಲ.