ಹಾವು ಕಚ್ಚಿದ ಮೇಲಿನ ಪಂಚಾಯ್ತಿ

ಹೂವಿನ ಹಿಪ್ಪರಗಿಯ ತೊಗರಿ ಹೊಲದಲ್ಲಿ ಹಾವು ಕಚ್ಚಿದ ಕಾಲೊಂದರ ಸುತ್ತ ಜನ ನೆರೆದರೆ, ಆ ಕಾಲಿನ ಒಡತಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ವೈದ್ಯರಾಗಿಬಿಡುವುದು ವಾಡಿಕೆ.

“ಹಗ್ಗ ತರ್ರಿ, ಬಿಗದ ಕಟ್ಟೂಣು,” ಎಂದು ಕಾಕಾ ಅಪ್ಪಣೆ ಕೊಡಿಸಿದರು.

“ಕಟ್ಟಿದ್ರ ವಿಷ ನಿಲ್ಲೂದಿಲ್ರಿ ಕಾಕಾ, ರಕ್ತ ನಿಂತು ಕಾಲೇ ಕೊಳೀತೈತಿ,” ಎಂದ ಆಶಾ ಕಾರ್ಯಕರ್ತೆಯು, ಊತ ಏರುವ ಮುನ್ನವೇ ಕಾಲುಂಗುರಗಳನ್ನು ಕಳಚಿ, ಕಾಲು ಮಡಚದಂತೆ ತೊಗರಿ ಕಟ್ಟಿಗೆಯನ್ನು ಆಸರೆಯಾಗಿಟ್ಟು ಸಡಿಲವಾಗಿ ಬಟ್ಟೆ ಸುತ್ತಿದಳು.

“ಬ್ಲೇಡಿನಿಂದ ಕೊಯ್ದು ಹೀರಿದ್ರ?”

“ಮಂಡಲದ ಹಾವಾದ್ರ ರಕ್ತ ಹೆಪ್ಪುಗಟ್ಟಂಗಿಲ್ಲ, ಕೊಯ್ದ ಗಾಯ ಸೋರಕೋಂತನ ಇರ್ತೈತ್ರಿ.”

“ಹಾವರ ಹಿಡದು ಒಯ್ಯೂಣೇನು?”

ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ, ಅಂದರೆ ಕುದುರೆಗೆ ಅಲ್ಪ ವಿಷ ಚುಚ್ಚಿ ಅದರ ರಕ್ತದಿಂದ ಪಡೆದ ಮದ್ದು, ಸಾಕಾಗುವುದರಿಂದ ಹಾವಿನ ಮೆರವಣಿಗೆ ಅನಗತ್ಯವೆಂದು ಆಕೆ ವಿವರಿಸಿದಳು. 2024ರಲ್ಲಿ ಕರ್ನಾಟಕವು ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ, ಎಂದರೆ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದುದು, ಎಂದು ಘೋಷಿಸಿತು. ಕಟ್ಟೆಯ ಸಲಹೆಗಳನ್ನು ವರದಿ ಮಾಡುವ ನಿಯಮ ಮಾತ್ರ ಇನ್ನೂ ಬಂದಿಲ್ಲ.

108ರ ವಾಹನ ಬಾಗೇವಾಡಿಯ ದಾರಿ ಹಿಡಿಯುವ ಹೊತ್ತಿಗೆ ಕಾಕಾ ಅವರ ಕೈಗೆ ಎಮ್ಮೆಯ ಹಗ್ಗ ದೊರೆತಿತ್ತು. ಎಮ್ಮೆ ಜೋಳದ ಹೊಲ ಹೊಕ್ಕಿತ್ತು.