ಮೊದಲು ಬಂದವನ ಅಂಗೈ

ನಿನ್ನೆ ಬೆಳಿಗ್ಗೆ ಬೇಲಿ ಆಚೆಯಿಂದ ದೊಡ್ಡವ್ವನ ಕೂಗಾಟ ನಿಮಗೂ ಕೇಳಿಸಿರಬೇಕು, ಅಲ್ವಾ? ಮೊಮ್ಮಗ ಒಂದು ಕಾಲಿಗೆ ಷೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ ಅಂಗಳದ ತುಂಬ ಕುಂಟುತ್ತಿದ್ದಾನೆ. ಅತ್ತ ಚಿತ್ರದುರ್ಗದ ಸ್ಕೂಲ್ ಬಸ್ಸು ಹಾರನ್ ಮೇಲೆ ಹಾರನ್ ಹೊಡೆಯುತ್ತಿದೆ. ಕಡೆಗೆ ಆ ಷೂ ಸಿಕ್ಕಿದ್ದು ಎಲ್ಲಿ ಅಂತೀರಿ, ಕೋಳಿ ಮುಚ್ಚುವ ಮಂಕರಿ ಅಡಿಯಲ್ಲಿ! ಹುಡುಗ ಓಡಿದ. ದೊಡ್ಡವ್ವ ಉಸ್ಸಪ್ಪಾ ಅಂತ ಬೇಲಿ ಹತ್ತಿರ ಬಂದು ನಿಂತು, "ನಮ್ ಕಾಲದಾಗೆ ತಡ ಆದ್ರೆ ಬಾಗ್ಲ ಹೊರಗೆ ನಿಲ್ಲಿಸೋರು ಕಣಪ್ಪ, ಈಗ ನೋಡು, ಇವನಿಗೋಸ್ಕರ ಬಸ್ಸೇ ಕಾಯ್ತದೆ" ಅಂದಳು. ಅಲ್ಲಿಂದ ಶುರುವಾಯಿತು ನೋಡಿ ಮಾತು. ಒಲೆ ಮೇಲಿಟ್ಟ ಹಾಲು ಉಕ್ಕಿ ಸೀದ ವಾಸನೆ ಬರುವವರೆಗೂ ನಿಲ್ಲಲಿಲ್ಲ.

ತಡವಾಗಿ ಬಂದವರಿಗೆ ಏಟು ಯಾವ ಶಾಲೆಯಲ್ಲಿ ಇರಲಿಲ್ಲ ಹೇಳಿ. ಅದೇನು ಹೊಸದಲ್ಲ. ಎಲ್ಲರಿಗಿಂತ ಮೊದಲು ಬಂದವನಿಗೆ ಮರ್ಯಾದೆ ಮಾಡುವ ಶಾಲೆ ಕಂಡಿದ್ದೀರಾ? ಇತ್ತು, ದೂರವೇನಲ್ಲ, ಇಲ್ಲೇ ಪಕ್ಕದ ಬಳ್ಳಾರಿ ಸೀಮೆಯಲ್ಲಿ. 1823ರಲ್ಲಿ ಅಲ್ಲಿ ಕಲೆಕ್ಟರಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತಮ್ಮ ಜಿಲ್ಲೆಯ ಊರೂರಿನ ಮಠಗಳ ವಿಚಾರವನ್ನು ಮದರಾಸಿನ ಸರ್ಕಾರಕ್ಕೆ ವಿವರವಾಗಿ ಬರೆದು ಕಳಿಸಿದ್ದರು. ಮಠ ಅಂದರೆ ಕೂಲಿಮಠ. ಜಗಲಿ ಮೇಲೋ ಗುಡಿಯ ಮುಂದೋ ಅಯ್ಯನೋರು ಹುಡುಗರನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದ ಜಾಗ. ಬೆಳಿಗ್ಗೆ ಆರಕ್ಕೆಲ್ಲ ಮಠ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಐದನೆಯವನಿಗೆ ಮೂರು. ಹೀಗೆ ಹನುಮಂತನ ಬಾಲದ ಹಾಗೆ ಬೆಳೆಯುತ್ತಾ ಹೋಗುವುದು.

ಏಟಿನ ಮಾತು ಬಿಡಿ, ಮಕ್ಕಳ ಮೇಲೆ ಕೈ ಎತ್ತುವುದನ್ನು ನಾನು ಯಾವತ್ತೂ ಒಪ್ಪಿದವನಲ್ಲ. ಆ ಸೊನ್ನೆ ಇದೆಯಲ್ಲ, ಅದರ ಮೇಲೆ ನನಗೆ ಬಹಳ ಅಕ್ಕರೆ. ಹೊಗಳುವಂಥದ್ದೂ ಇಲ್ಲ, ಬೈಯುವಂಥದ್ದೂ ಇಲ್ಲ ಅನ್ನುವುದಕ್ಕೆ ಗುರುತು ಅದು. ಎರಡನೆಯವನಾಗಿ ಬಂದ ಆ ಹುಡುಗ ದಿನವಿಡೀ ಮುಷ್ಟಿ ಬಿಗಿಹಿಡಿದು ಕೂತಿರುತ್ತಿದ್ದನೋ, ಬಿಚ್ಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದನೋ! ಒಂದೇ ಒಂದು ಹೆಜ್ಜೆ ಬೇಗ ಇಟ್ಟಿದ್ದರೆ ಸರಸ್ವತಿ, ಒಂದು ಹೆಜ್ಜೆ ತಡವಾಗಿದ್ದರೆ ಏಟು; ನಡುವೆ ಈ ದುಂಡನೆ ಸೊನ್ನೆ.

ಇದನ್ನೆಲ್ಲ ಹೇಳಿದರೆ ದೊಡ್ಡವ್ವ ಕೇಳಿದ್ದೇ ಬೇರೆ. "ಅಲ್ಲ ಕಣಪ್ಪ, ಸರಸೋತಿ ಹೆಸರು ಬರೆದ ಕೈನ ಆ ಮಗು ಉಣ್ಣೋವಾಗ ಹೆಂಗೆ ತೊಳಕಂತಿತ್ತು?" ಕ್ಯಾಂಪ್‌ಬೆಲ್ ಸಾಹೇಬರು ಅದನ್ನು ಬರೆದಿಲ್ಲ. ತೊಳೆಯಬೇಕಾದದ್ದು ತಾಯಿ ತಾನೆ? ತಾಯಿಯೊಬ್ಬಳು ವರದಿ ಬರೆದಿದ್ದರೆ ಆ ಸಾಲೂ ಇರುತ್ತಿತ್ತು ಅನ್ನಿಸಿತು ನನಗೆ.

ಅಂದಹಾಗೆ ಆಗ ಬಳ್ಳಾರಿ ಜಿಲ್ಲೆಯಲ್ಲಿ ಇಂಥ ಶಾಲೆಗಳು ಒಟ್ಟು 533 ಇದ್ದವು. ಅದರಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದ ಮಕ್ಕಳು 6,641. ಅಂದರೆ ಶಾಲೆಗೆ ಹನ್ನೆರಡು ಚಿಲ್ಲರೆ ಹುಡುಗರು. ಹನ್ನೆರಡನೆಯವನಾಗಿ ಬಂದವನಿಗೆ ಲೆಕ್ಕದ ಪ್ರಕಾರ ಹತ್ತೇಟು ಬೀಳಬೇಕು, ಪಾಪ. ನಮ್ಮ ದುರ್ಗದಲ್ಲಿ ವಕೀಲಿ ಮಾಡುತ್ತಾ ರಾಜ್ಯಕ್ಕೆ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಕೂಡ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ವೀರಪ್ಪ ಮಾಸ್ತರು ಅಂತ ಹಳೇ ಕಾಲದ ಗುರುಗಳ ಹತ್ತಿರ ಅವರು ಎಳೆತನದ ಪಾಠ ಕಲಿತದ್ದು. ಅವರ ಅಂಗೈ ಮೇಲೆ ಯಾರು ಏನು ಬರೆದರೋ, ಅವರಿಗೇ ಗೊತ್ತು.

ಆ ವರದಿಯಲ್ಲಿ ನನಗೆ ಇನ್ನೊಂದು ಪ್ರಿಯವಾದ ಜಾಗವಿದೆ. ಹುಡುಗರು ಯಾವುದರ ಮೇಲೆ ಬರೆಯುತ್ತಿದ್ದರು ಅನ್ನುವುದು. ಒಂದು ಹಲಗೆ: ಒಂದಡಿ ಅಗಲ, ಮೂರಡಿ ಉದ್ದ, ನುಣ್ಣಗೆ ಹೆರೆದು, ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ತಯಾರು. ಇನ್ನೊಂದು ಕಡತ. ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದ ಹಾಗೆ ಮಡಿಕೆ ಮಡಿಕೆ ಮಡಚಿ, ಮೇಲೆ ಇದ್ದಿಲು ಮತ್ತು ಅಂಟು ಸೇರಿಸಿದ ಕರಿ ಲೇಪ. ಬರೆದದ್ದು ಸಾಕಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಬರೆಯುವುದು ಯಾವುದರಲ್ಲಿ? ಬಳಪದಲ್ಲಿ! ಸಾಹೇಬರು ಆ ಹೆಸರನ್ನು ಇಂಗ್ಲಿಷಿನಲ್ಲಿ 'ಬುಲ್ತಪ' ಅಂತ ಬರೆದುಕೊಂಡಿದ್ದಾರೆ. ಆ ಅಕ್ಷರಗಳ ಹಿಂದೆ ನಮ್ಮ ಬಳಪ ಇಣುಕಿದ್ದು ಕಂಡಾಗ, ಜಾತ್ರೆಯಲ್ಲಿ ಕಳೆದುಹೋದ ಸೋದರಮಾವ ಸಿಕ್ಕಷ್ಟು ಖುಷಿಯಾಯಿತು ನನಗೆ. ಈಗ ಸರ್ಕಾರಿ ಕಚೇರಿಯಲ್ಲಿ "ನಿಮ್ಮ ಕಡತ ಇನ್ನೂ ಮೇಲಿಂದ ಬಂದಿಲ್ಲ" ಅಂತಾರಲ್ಲ, ಆ ಕಡತವೂ ಈ ಕರಿ ಬಟ್ಟೆಯ ವಂಶದ್ದೇ.

ಬಳಪ ಅಂದದ್ದೇ ತಡ, ದೊಡ್ಡವ್ವನ ಮುಖ ಅರಳಿತು. ಅವಳ ಕಾಲಕ್ಕೆ ಮರದ ಚೌಕಟ್ಟಿನ ಸ್ಲೇಟು ಬಂದಿತ್ತು. ಸ್ಲೇಟು ಬಿಳಚಿಕೊಂಡರೆ ಹಿತ್ತಲಿನ ತೊಂಡೆ ಸೊಪ್ಪು ಕಿತ್ತು ಹಿಚುಕಿ ಉಜ್ಜುವುದು, ಮೇಲಿಂದ ಇದ್ದಿಲು ತೇಯುವುದು, ಆಮೇಲೆ ಬಿಸಿಲಿಗೆ ಹಿಡಿದು ಗಾಳಿಯಲ್ಲಿ ಆಡಿಸುವುದು. ಎರಡೂ ಕೈ ಹಸಿರು, ಲಂಗ ಕಪ್ಪು. "ಬರೆಯೋಕಿಂತ ಉಜ್ಜೋದೇ ಚೆಂದ ಇತ್ತು" ಅಂದಳು. ಮೆಲ್ಲಗೆ ದನಿ ಇಳಿಸಿ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ, "ಬಳಪ ತಿಂತಿದ್ವಿ" ಅಂತಲೂ ಸೇರಿಸಿದಳು. ತಿನ್ನದವರು ಯಾರಿದ್ದಾರೆ ಹೇಳಿ. ಮೊದಲ ಮಳೆ ಬಿದ್ದಾಗಿನ ಮಣ್ಣಿನ ವಾಸನೆ ಇತ್ತು ಅದಕ್ಕೆ, ಅಲ್ವಾ? ಆ ಕಾಲದ ಶಾಲೆಯಲ್ಲಿ ಗಂಟೆ ಅಂದರೂ ಅಷ್ಟೇ, ಮರದ ಕೊಂಬೆಗೆ ನೇತುಹಾಕಿದ ರೈಲು ಕಂಬಿಯ ತುಂಡು. ಅದನ್ನು ಬಾರಿಸುವ ಸರದಿ ಸಿಕ್ಕ ದಿನ ನಮ್ಮನ್ನು ಹಿಡಿಯುವವರೇ ಇರಲಿಲ್ಲ.

ಎಲ್ಲಿಗೋ ಹೋದೆ. ಮಣ್ಣು ಅಂದೆನಲ್ಲ, ಮರಳಿನ ಮಾತು ಹೇಳಲೇಬೇಕು. ಕಡತಕ್ಕೂ ಮೊದಲು ಮರಳಿನ ಮೇಲೆ ಬೆರಳಲ್ಲಿ ತಿದ್ದುವುದು. ತಿದ್ದಿಸುವವರು ಅಯ್ಯನೋರಲ್ಲ, ಸ್ವಲ್ಪ ಮುಂದಿರುವ ಹುಡುಗ. ದೊಡ್ಡವನು ಚಿಕ್ಕವನಿಗೆ, ಚಿಕ್ಕವನು ಇನ್ನೂ ಚಿಕ್ಕವನಿಗೆ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗುವಾಗ ಊರ ಮಕ್ಕಳು ಹೀಗೆ ಮರಳಲ್ಲಿ ಬರೆಯುವುದನ್ನು ಕಂಡರು. ತಮ್ಮ ಶಾಲೆಯಲ್ಲೂ ಮಾಡಿ ನೋಡಿದರು. ತಮ್ಮ ಸೀಮೆಗೆ ಹೋದ ಮೇಲೆ 1797ರಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸಿದರು. ಮುಂದೆ ಇಂಗ್ಲೆಂಡಿನ ಬಡಮಕ್ಕಳ ಎಷ್ಟೋ ಶಾಲೆಗಳಲ್ಲಿ 'ಮದರಾಸು ಪದ್ಧತಿ' ಅಂತಲೇ ಅದು ನಡೆಯಿತು. ಮಕ್ಕಳನ್ನು ಇಂಗ್ಲಿಷ್ ಸ್ಕೂಲಿಗೆ ಹಾಕಲು ನಾವು ಹೊಲ ಅಡ ಇಡುತ್ತೇವೆ. ಇಂಗ್ಲಿಷಿನವರ ಮಕ್ಕಳು ಒಂದು ಕಾಲಕ್ಕೆ ನಮ್ಮ ಜಗಲಿ ಮಠದ ಹಾಗೆ ಮರಳಲ್ಲಿ ತಿದ್ದುತ್ತಿದ್ದರು.

ಕೈಗೆ ಹಗ್ಗ ಕಟ್ಟಿ ರಾಟೆಯಲ್ಲಿ ಸೂರಿಗೆ ಎಳೆಯುವ ಕೋದಂಡದ ಶಿಕ್ಷೆಯೂ ಕ್ಯಾಂಪ್‌ಬೆಲ್ ಸಾಹೇಬರ ವರದಿಯಲ್ಲಿದೆ. ಅದನ್ನು ಮಾತ್ರ ಯಾರೂ ನೆನೆಸಿ ಸಂತೋಷಪಡಬೇಕಾಗಿಲ್ಲ. ಕೂತು ಏಳು, ಕೂತು ಏಳು ಅಂತ ಬಸ್ಕಿ ಹೊಡೆಸುವುದೂ ಇದೆ. ಅದನ್ನು ಬರೆಯುವಾಗ ಸಾಹೇಬರು, ಬಹಳ ನೋವಿನದ್ದಾದರೂ ಬಹುಶಃ ಮೈಗೆ ಒಳ್ಳೆಯದೇ ಅಂದಿದ್ದಾರೆ.

ಮೈ ಅಂದ ಮೇಲೆ ಮಲ್ಲಾಡಿಹಳ್ಳಿ ಬಿಟ್ಟು ಮುಂದೆ ಹೋಗಲಾದೀತೇ? ಹೊಳಲ್ಕೆರೆ ತಾಲ್ಲೂಕಿನವರಿಗಂತೂ ಹೇಳಬೇಕಾಗಿಲ್ಲ. ಕೂಲಿಮಠದ ಹುಡುಗರು ಮಹಾನವಮಿಯಲ್ಲಿ ಅಯ್ಯನೋರ ಜೊತೆ ಮನೆಮನೆ ಮುಂದೆ ನಿಂತು ಚೌಪದ ಹೇಳಿ ಕಾಸು ಕಾಳು ತರುತ್ತಿದ್ದರು. ಅದು ವರ್ಷಕ್ಕೊಂದು ಸಲ. ಜೀವಮಾನವಿಡೀ ಜೋಳಿಗೆ ಹಿಡಿದು ಶಾಲೆ ಕಟ್ಟಿದವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. 1943ರಲ್ಲಿ ಅನಾಥ ಸೇವಾಶ್ರಮ ಶುರು ಮಾಡಿದರು. ಯೋಗಾಸನ, ವ್ಯಾಯಾಮ, ಆಯುರ್ವೇದ, ಅದರ ಜೊತೆಗೆ ಅಕ್ಷರ, ಅದರ ಜೊತೆಗೆ ನಾಟಕ. ನಾಡಿನ ಎಷ್ಟೋ ಮೇಷ್ಟ್ರುಗಳು ಅಲ್ಲಿನ ಶಿಬಿರದಲ್ಲಿ ಆಸನ ಕಲಿತು ಬಂದು ತಮ್ಮ ಶಾಲೆ ಮಕ್ಕಳಿಗೆ ಹೇಳಿಕೊಟ್ಟರು. ಶಾಲೆ ಕಟ್ಟಿದವರು ತಮಗೆ ಏನೇನೋ ಬಿರುದು ಇಟ್ಟುಕೊಳ್ಳುತ್ತಾರೆ. ಇವರು ತಾವು ಬರೆದ ಪುಸ್ತಕಗಳ ಮೇಲೆ ಹಾಕಿಕೊಂಡ ಹೆಸರು 'ತಿರುಕ'. ಇಂಥ ಹೆಸರಿನ ಯಜಮಾನರಿದ್ದ ಶಾಲೆ ಇನ್ನೆಲ್ಲಿದೆ ಹೇಳಿ? 1996ರಲ್ಲಿ, ನೂರು ದಾಟಿದ ಮೇಲೆ, ಹೋದರು. ಅಲ್ಲಿ ಈಗಲೂ ನಡೆಯುವ ನಾಟಕದ ಹಬ್ಬಕ್ಕೆ 'ತಿರುಕನೂರಿನಲ್ಲಿ ರಂಗದಾಸೋಹ' ಅಂತ ಹೆಸರು. ಊರಿನ ಹೆಸರನ್ನೇ ಮರೆಸಿ ಜೋಳಿಗೆಯ ಹೆಸರು ನಿಂತಿದೆ ನೋಡಿ.

ನಮ್ಮ ಈ ಸೀಮೆಯ ಶಾಲೆಗಳಿಗೆ ನಾಟಕದ ಹುಚ್ಚು ಎಲ್ಲಿಂದ ಅಂಟಿತೋ! ಸಿರಿಗೆರೆ ಮಠದ ಶಿವಕುಮಾರ ಶಿವಾಚಾರ್ಯರು ಹಳ್ಳಿ ಹಳ್ಳಿಗೆ ಹೈಸ್ಕೂಲು ತೆರೆಯುವ ಗಡಿಬಿಡಿಯ ನಡುವೆಯೇ 'ಮರಣವೇ ಮಹಾನವಮಿ' ಅಂತ ನಾಟಕ ಬರೆದರು, ಮಠದಲ್ಲೇ ಕಲಾಸಂಘ ಕಟ್ಟಿದರು. ಅದೇ ಬಳ್ಳಿಯ ಕುಡಿ ಸಾಣೇಹಳ್ಳಿ. ಹೊಸದುರ್ಗ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಗ್ರೀಕರ ಮಾದರಿಯ ಬಯಲು ರಂಗಮಂದಿರ ಇದೆ ಅಂದರೆ, ಗೊತ್ತಿಲ್ಲದವರು ನಂಬುವುದಿಲ್ಲ. ಅಲ್ಲಿನ ಪಂಡಿತಾರಾಧ್ಯ ಸ್ವಾಮೀಜಿ, ಜೊತೆಗೆ ಸಿಜಿಕೆ ಅವರಂಥ ರಂಗದವರು ಸೇರಿ 1997ರಲ್ಲಿ ಶಿವಸಂಚಾರ ಹೊರಡಿಸಿದರು. ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ಸುತ್ತುವ ತಂಡ ಅದು. 2008ರಲ್ಲಿ ನಾಟಕ ಕಲಿಸುವುದಕ್ಕೆಂದೇ ರಂಗಪ್ರಯೋಗಶಾಲೆ ಬಂತು. ನಟನೆಯ ಜೊತೆಗೆ ಬೆಳಕು, ಪ್ರಸಾಧನ, ರಂಗಸಜ್ಜಿಕೆ ಎಲ್ಲವೂ ಪಾಠ.

ಒಂದು ಸಲ ಶಿವಸಂಚಾರದ ನಾಟಕ ನೋಡಿ ಎದ್ದು ಬರುವಾಗ ದೊಡ್ಡವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. ರಾಜನಾಗಿ ಗುಡುಗಿದ್ದ ಹುಡುಗ ಮೀಸೆ ಇನ್ನೂ ಕಿತ್ತಿರಲಿಲ್ಲ, ಬರಿಗಾಲಲ್ಲಿ ನಿಂತು ಪರದೆ ಮಡಚುತ್ತಿದ್ದ. ತುದಿಗೆ ತುದಿ ಸೇರಿಸಿ, ನೆರಿಗೆ ಬಿಡಿಸಿ, ಅಂಗೈಯಲ್ಲಿ ಸವರಿ, ಮತ್ತೆ ಅರ್ಧಕ್ಕೆ ಮಡಚಿ. ಅವ್ವಂದಿರು ಮದುವೆ ಸೀರೆ ಮಡಚುವ ಹಾಗೆ. ಆಮೇಲೆ ಹಲಗೆಯೊಂದನ್ನು ಹೆಗಲಿಗೇರಿಸಿಕೊಂಡು ಲಾರಿ ಕಡೆ ಹೋದ. "ಅಯ್ಯೋ, ರಾಜನೇ ಹೊರ್ತಾನಲ್ಲೋ!" ಅಂದಳು ದೊಡ್ಡವ್ವ. ಆ ಹುಡುಗ ತಿರುಗಿ ನೋಡಿ ನಕ್ಕ. ಯಾವ ಪುಸ್ತಕದಲ್ಲೂ ಬರೆಯದ ಪಾಠ ಅದು, ಅವನು ಕಲಿತಿದ್ದ.

ಶಾಲೆ ಅಂದರೆ ಹೀಗೆ ಏನಾದರೂ ಒಂದು ವಿಚಿತ್ರ ಇರಬೇಕು ಅನ್ನುತ್ತೇನೆ ನಾನು. ಅಂಗೈ ಮೇಲಿನ ಸೊನ್ನೆಯೋ, ಜೋಳಿಗೆಯೋ, ಕಲ್ಲು ಮೆಟ್ಟಿಲ ರಂಗಮಂದಿರವೋ. ಇವು ಯಾವುವೂ ಹಣ ಹೆಚ್ಚಾಗಿ ಬಂದವಲ್ಲ, ಇಲ್ಲದ್ದರಲ್ಲೇ ದಾರಿ ಮಾಡಿಕೊಂಡು ಹುಟ್ಟಿದವು. ಈಗ ರಸ್ತೆಯುದ್ದಕ್ಕೂ ಅದೇ ಟೈ, ಅದೇ ಹಳದಿ ಬಸ್ಸು, ಬೋರ್ಡಿನ ಮೇಲೆ ಅದೇ 'ಇಂಟರ್‌ನ್ಯಾಷನಲ್'. ದೊಡ್ಡವ್ವನ ಮೊಮ್ಮಗನನ್ನು ಸಂಜೆ ಕೇಳಿದೆ, "ನಿಮ್ ಶಾಲೆಯಲ್ಲಿ ಬೇರೆ ಎಲ್ಲೂ ಇಲ್ಲದ್ದು ಏನಪ್ಪ ಇದೆ?" ಬಹಳ ಹೊತ್ತು ಯೋಚನೆ ಮಾಡಿದ. "ಎಲ್ಲ ಇದೆ ಮಾಮ, ಎಲ್ಲ ಶಾಲೆಲೂ ಇರೋದೇ" ಅಂದ. ನನಗೆ ಸಂಕಟವಾಯಿತು ಕಣ್ರೀ.

ನವೆಂಬರ್ ಮೊದಲ ವಾರ ಸಾಣೇಹಳ್ಳಿಯಲ್ಲಿ ನಾಟಕೋತ್ಸವ. ಈ ಸಲ ಆ ಹುಡುಗನನ್ನು ಕರೆದುಕೊಂಡು ಹೋಗುವುದು ಅಂತ ನಾನೂ ದೊಡ್ಡವ್ವನೂ ಮಾತಾಡಿಕೊಂಡಿದ್ದೇವೆ. ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ. ನೀವೂ ಬನ್ನಿ, ನಿಮ್ಮ ಮನೆ ಮಕ್ಕಳನ್ನೂ ಕರೆತನ್ನಿ. ಬಯಲಲ್ಲಿ ಕೂರಬೇಕು, ರಾತ್ರಿ ಚಳಿ ಇರುತ್ತದೆ, ಒಂದೊಂದು ಕಂಬಳಿ ಇಟ್ಟುಕೊಳ್ಳಿ. ಮತ್ತೆ, ಸ್ವಲ್ಪ ಬೇಗನೇ ಹೊರಡೋಣ.